ಪದವಿ ಕಾಲೇಜುಗಳ ಪರಿಹಾರ ಬೋಧನೆ ಸರ್ಕಾರ ಬದಲಾದಾಗಲೆಲ್ಲ ಏಕೆ ನಿಲ್ಲುತ್ತದೆ? ನಿಲ್ಲದಂತೆ ಮಾಡುವುದು ಹೇಗೆ? (ಮೈಸೂರು–ಮಂಡ್ಯ)

ಗಂಗೋತ್ರಿ ಅಂಗಳ

ಮೊದಲ ಸೆಮಿಸ್ಟರಿಗೆ ಬಂದ ಮಕ್ಕಳಲ್ಲಿ ಕೆಲವರಿಗೆ ಇಂಗ್ಲಿಷ್ ಪಠ್ಯ ಓದಿದರೆ ತಲೆಗೆ ಹತ್ತುವುದಿಲ್ಲ, ಕೆಲವರಿಗೆ ಭಿನ್ನರಾಶಿ, ಶೇಕಡಾವಾರು ಲೆಕ್ಕವೇ ಕೈಕೊಡುತ್ತದೆ. ಅವರಿಗಾಗಿ ನಡೆಯಬೇಕಾದ ಪರಿಹಾರ ಬೋಧನೆ, ಬ್ರಿಡ್ಜ್ ಕೋರ್ಸ್‌ಗಳ ಬಗ್ಗೆ ಮಾತಾಡೋಣ. ರಾಜಕೀಯ ಇದರೊಳಗೆ ಯಾವ ಬಾಗಿಲಿನಿಂದ ಬರುತ್ತದೆ ಎಂಬುದು ನನ್ನ ಮುಖ್ಯ ಪ್ರಶ್ನೆ. ಏಕೆಂದರೆ "ಈ ತರಗತಿ ನಿಲ್ಲಿಸಿ" ಎಂದು ಯಾರೂ ಸುತ್ತೋಲೆ ಹೊರಡಿಸುವುದಿಲ್ಲ. ಅದು ತಾನಾಗಿ ನಿಂತಂತೆ ಕಾಣುತ್ತದೆ.

ಹಿನ್ನೆಲೆ ಹೀಗಿದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 11ನೇ ಯೋಜನೆ (2007–12) ಮತ್ತು 12ನೇ ಯೋಜನೆಯ (2012–17) ಅವಧಿಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರದಲ್ಲಿಲ್ಲದ ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ರೆಮಿಡಿಯಲ್ ಕೋಚಿಂಗ್ ಎಂಬ ಪ್ರತ್ಯೇಕ ಯೋಜನೆ ಇತ್ತು. ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಮಾನ್ಯತೆ ಇದ್ದ ಕಾಲೇಜುಗಳಿಗೆ ನೇರ ಅನುದಾನ ಸಿಗುತ್ತಿತ್ತು. 2017–18ರಲ್ಲಿ ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂಬ ವಿಂಗಡಣೆಯೇ ಹೋಯಿತು, ಪಂಚವಾರ್ಷಿಕ ಯೋಜನೆಗಳೂ ಮುಗಿದವು. ಆ ಹಣವನ್ನೇ ನಂಬಿಕೊಂಡಿದ್ದ ತರಗತಿಗಳು ಅಲ್ಲಿಗೇ ಮುಗಿದವು. ಉಳಿದದ್ದು 2013ರಲ್ಲೇ ಶುರುವಾಗಿದ್ದ ರೂಸಾ (ರಾಷ್ಟ್ರೀಯ ಉನ್ನತ ಶಿಕ್ಷಣ ಅಭಿಯಾನ, 2023ರಿಂದ ಪಿಎಂ–ಉಷಾ), ಅದರಲ್ಲಿ ಕೇಂದ್ರ–ರಾಜ್ಯ 60:40 ಪಾಲು. ಅಲ್ಲಿ ಕಟ್ಟಡ, ಉಪಕರಣಕ್ಕೆ ಪ್ರಸ್ತಾವ ಬರೆಯುವುದು ಸುಲಭ. ವಾರಕ್ಕೆರಡು ಗಂಟೆ ಪಾಠಕ್ಕೆ ಪ್ರಸ್ತಾವ ಬರೆದರೆ ತೋರಿಸಲು ಏನೂ ಇರುವುದಿಲ್ಲ.

ಇದರ ಮೇಲೆ ಪಠ್ಯಕ್ರಮದ ಪಲ್ಲಟ. 2021–22ರಲ್ಲಿ ದೇಶದಲ್ಲೇ ಮೊದಲು ಎಂದು ನಮ್ಮ ರಾಜ್ಯ ಎನ್‌ಇಪಿಗೆ (ನಾಲ್ಕು ವರ್ಷದ ಪದವಿಯ ರಾಷ್ಟ್ರೀಯ ಶಿಕ್ಷಣ ನೀತಿ) ಹೋಯಿತು. 2023ರ ಅಕ್ಟೋಬರಿನಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು, 2024ರ ಮೇನಲ್ಲಿ ಆದೇಶ ಬಂದು 2024–25ರಿಂದ ಮತ್ತೆ ಮೂರು ವರ್ಷದ ಪದವಿ. ಒಂದೇ ಕಾಲೇಜಿನಲ್ಲಿ ಒಂದೇ ಹೊತ್ತಿಗೆ ಎರಡು ಪಠ್ಯಕ್ರಮ, ಎರಡು ಬಗೆಯ ಅಂಕ ಪದ್ಧತಿ. ಎನ್‌ಇಪಿಯಲ್ಲಿ ಸೆಮಿಸ್ಟರ್ ಪರೀಕ್ಷೆಗೂ ಆಂತರಿಕ ಅಂಕಕ್ಕೂ 60:40 ಇದ್ದದ್ದು ಈಗ 80:20. ಹೊಸ ಪಠ್ಯ ಬರೆಯುವುದರಲ್ಲಿ, ಹಳೆಯ ಪ್ರಶ್ನೆಪತ್ರಿಕೆ ಒದಗಿಸುವುದರಲ್ಲಿ ಅಧ್ಯಾಪಕರ ಸಮಯ ಕರಗುತ್ತದೆ. ಆಗ ಮೊದಲು ಬಿಡುವುದು ಯಾವುದನ್ನು? ಬಿಟ್ಟರೂ ಯಾರೂ ಕೇಳದ ತರಗತಿಯನ್ನು.

ವೇಳಾಪಟ್ಟಿಯಲ್ಲಿ, ಕಾರ್ಯಭಾರದಲ್ಲಿ (ಅಧ್ಯಾಪಕರ ವಾರದ ಬೋಧನಾ ಗಂಟೆಗಳ ಲೆಕ್ಕ), ನಿಯಮಾವಳಿಯಲ್ಲಿ ಈ ತರಗತಿ ಇಲ್ಲದಿರುವುದರಿಂದಲೇ ಅದು ಯಾರ ಒತ್ತಡಕ್ಕಾದರೂ ಬಗ್ಗುತ್ತದೆ ಎನ್ನುವುದು ನನ್ನ ವಾದ. ಅನುದಾನ ಕೇಳುವುದಕ್ಕೆ ಮೊದಲು ಈ ಮೂರು ಕಡೆ ಜಾಗ ಕೇಳಬೇಕು. ಒಪ್ಪದವರು ಬರೆಯಿರಿ.

ವಿಸಿ ನಾಲೆ

ಮಂಡ್ಯದ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ ಸರ್. ಇಲ್ಲಿ ಸಂಸ್ಥೆಯ ಅಸ್ತಿತ್ವವೇ ರಾಜಕೀಯ ಪ್ರಶ್ನೆಯಾಗಿದೆ. 1948ರ ಸರ್ಕಾರಿ ಕಾಲೇಜು 2019ರಲ್ಲಿ ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿಗಳ ನೇತೃತ್ವದ ಸಂಪುಟ ಉಪಸಮಿತಿಯ ಮುಂದೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ವಿಚಾರ ಬಂದಾಗ ಮಂಡ್ಯದ ಹೆಸರೂ ಅದರಲ್ಲಿತ್ತು, ಮತ್ತೆ ಮೈಸೂರು ವಿವಿಗೆ ಸೇರಿಸುವ ಮಾತು ಬಂತು. ಮುಚ್ಚಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಇಂಥ ಸುದ್ದಿ ಹರಡಿದ ದಿನದಿಂದ ಒಳಗೆ ಏನಾಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ನೋಡಬೇಕು.

ಹೊಸ ಕೋರ್ಸಿನ ಕಡತ ಮುಂದೆ ಹೋಗುವುದಿಲ್ಲ. "ವಿಲೀನದ ನಂತರ ನೋಡೋಣ" ಎಂದು ಟಿಪ್ಪಣಿ ಬೀಳುತ್ತದೆ. ಎರವಲು ಸೇವೆಯಲ್ಲಿರುವ ಅಧ್ಯಾಪಕರು ಮಾತೃ ಇಲಾಖೆಗೆ ಮರಳುವ ಲೆಕ್ಕ ಹಾಕುತ್ತಾರೆ. ಖಾಯಂ ಪತ್ರಿಕೆಗಳನ್ನು ಹೇಗೋ ಅತಿಥಿ ಉಪನ್ಯಾಸಕರಿಗೆ ಹಂಚಿ ನಡೆಸುತ್ತಾರೆ, ಪರೀಕ್ಷೆ ಇದೆಯಲ್ಲ, ನಡೆಸಲೇಬೇಕು. ಪರೀಕ್ಷೆ ಇಲ್ಲದ ತರಗತಿಗೆ ಆ ಕಟ್ಟುಪಾಡು ಇಲ್ಲ.

ಮೈಸೂರಿನ ಕಡೆ ಇದರ ಇನ್ನೊಂದು ಮುಖ ಇದೆ. ಹಾಸನ, ಚಾಮರಾಜನಗರ, ಮಂಡ್ಯದ ಕಾಲೇಜುಗಳು ಹೊಸ ವಿವಿಗಳ ಪಾಲಿಗೆ ಹೋದಾಗ ಹಳೆಯ ವಿವಿಗೆ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕ ಕಡಿಮೆಯಾಯಿತು. ಪಿಂಚಣಿ ಹೊರೆ ಮಾತ್ರ ಹಾಗೇ ಉಳಿಯಿತು. ಆಂತರಿಕ ಸಂಪನ್ಮೂಲದಿಂದ ನಡೆಯುತ್ತಿದ್ದ ಸಣ್ಣಪುಟ್ಟ ಕೆಲಸಗಳಿಗೆ ಹಣಕಾಸು ಅಧಿಕಾರಿಯ ಒಪ್ಪಿಗೆ ಸಿಗುವುದು ಆಗಿನಿಂದ ಕಷ್ಟ. ಎರಡು ಸರ್ಕಾರಗಳ ಎರಡು ತೀರ್ಮಾನ, ಏಟು ಬಿದ್ದದ್ದು ಒಂದೇ ಕಡೆ.

ಲೆಕ್ಕದ ಪುಸ್ತಕ

ಹಣದ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಹೆಚ್ಚಿನ ತರಗತಿಗಳು ನಿಲ್ಲುವುದು ಆಡಿಟ್ ಆಕ್ಷೇಪಕ್ಕೆ ಹೆದರಿ.

ಯುಜಿಸಿ ಹಣ ಹೋದ ಮೇಲೆ ಉಳಿದ ದೊಡ್ಡ ಮೂಲ ಎಸ್‌ಸಿಎಸ್‌ಪಿ–ಟಿಎಸ್‌ಪಿ, ಅಂದರೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಉಪಯೋಜನೆಯ ಹಣ. ಅದಕ್ಕೆ 2013ರ ಕಾಯ್ದೆ ಇದೆ, ಅಭಿವೃದ್ಧಿ ಬಜೆಟ್ಟಿನ ಶೇ 24.1 ಅದಕ್ಕೆ ಮೀಸಲು. ಸೆಕ್ಷನ್ 7(ಡಿ) ಎಂಬ ಅವಕಾಶ ಬಳಸಿ ಎಲ್ಲರಿಗೂ ಆಗುವ ಕೆಲಸದ ಒಂದು ಪಾಲನ್ನು ಪರಿಶಿಷ್ಟರಿಗೆ ಆದದ್ದೆಂದು ತೋರಿಸುತ್ತಿದ್ದರು. 2023ರಲ್ಲಿ ಅದನ್ನು ತೆಗೆದುಹಾಕಿದರು. ತೆಗೆದದ್ದು ಸರಿಯಾದ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಾಲೇಜಿನ ಮಟ್ಟದಲ್ಲಿ ಅದರ ಅರ್ಥ ತಿಳಿದಿರಬೇಕು: ಈ ಹಣದಲ್ಲಿ ಮಿಶ್ರ ತರಗತಿಗೆ ಗೌರವಧನ ಕೊಟ್ಟರೆ ಆಕ್ಷೇಪ ಬರುತ್ತದೆ. ಫಲಾನುಭವಿಗಳ ಪಟ್ಟಿ ಬೇಕು, ಪ್ರತಿಯೊಬ್ಬರ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ತರಗತಿವಾರು ಹಾಜರಿ ಬೇಕು.

ಹಾಗೆಂದು ಪರಿಶಿಷ್ಟ ವಿದ್ಯಾರ್ಥಿಗಳನ್ನು ಮಾತ್ರ ಕೂರಿಸಿ ತರಗತಿ ಮಾಡಿದರೆ ಅದು ಗುರುತಿನ ತರಗತಿಯಾಗುತ್ತದೆ. ಎರಡನೇ ವಾರಕ್ಕೆ ಮಕ್ಕಳು ಬರುವುದು ಬಿಡುತ್ತಾರೆ. ಬಿಡದೆ ಇನ್ನೇನು? ಬಾಗಿಲಲ್ಲಿ ನಿಂತವರಿಗೆಲ್ಲ ಒಳಗಿರುವವರ ಜಾತಿ ಗೊತ್ತಾಗುತ್ತದೆ. ಹಾಜರಿ ಇಳಿದರೆ "ಬೇಡಿಕೆ ಇಲ್ಲ" ಎಂದು ವರದಿ ಹೋಗುತ್ತದೆ, ಮುಂದಿನ ವರ್ಷ ಆ ಹಣ ಲ್ಯಾಪ್‌ಟಾಪ್ ಖರೀದಿಗೆ ತಿರುಗುತ್ತದೆ.

ಇದಕ್ಕೆ ದಾರಿ, ಖರ್ಚನ್ನು ಎರಡು ಲೆಕ್ಕಶೀರ್ಷಿಕೆಗೆ ಒಡೆಯುವುದು. ಪಾಠ ಹೇಳುವವರ ಗಂಟೆಗಳನ್ನು ಕಾರ್ಯಭಾರದಲ್ಲೇ ತೋರಿಸಿ, ಆಗ ಪ್ರತ್ಯೇಕ ಗೌರವಧನದ ಮಾತೇ ಬರುವುದಿಲ್ಲ. ಎಸ್‌ಸಿಎಸ್‌ಪಿ–ಟಿಎಸ್‌ಪಿ ಹಣವನ್ನು ವಿದ್ಯಾರ್ಥಿಯ ಹೆಸರಿನಲ್ಲೇ ಲೆಕ್ಕ ಸಿಗುವ ವಸ್ತುಗಳಿಗೆ ಬಳಸಿ: ಅಭ್ಯಾಸ ಪುಸ್ತಕ, ನಿಘಂಟು, ಸೈಂಟಿಫಿಕ್ ಕ್ಯಾಲ್ಕುಲೇಟರ್, ರಜೆಯ ಶಿಬಿರ ನಡೆದರೆ ಪ್ರಯಾಣಭತ್ಯೆ. ತರಗತಿ ಎಲ್ಲರಿಗೂ ಒಂದೇ, ವಸ್ತು ಪಡೆದವರ ಸಹಿ ಪಟ್ಟಿ ಕಚೇರಿಯಲ್ಲಿ. ಆಡಿಟರ್ ಕೇಳುವುದು ಆ ಪಟ್ಟಿಯನ್ನೇ.

ಇನ್ನೊಂದು ತೊಡಕು ತಿಂಗಳಿನದು. ತರಗತಿ ಬೇಕಾದದ್ದು ಮೊದಲ ಸೆಮಿಸ್ಟರಿನ ಆರಂಭದಲ್ಲಿ, ಅಂದರೆ ಮಳೆಗಾಲದಲ್ಲಿ. ಕೊನೆಯ ಕಂತು ಬಿಡುಗಡೆಯಾಗುವುದು ಹಣಕಾಸು ವರ್ಷದ ತುದಿಯಲ್ಲಿ. ಮಾರ್ಚ್ 31ರೊಳಗೆ ಖರ್ಚು ತೋರಿಸಿ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಮೂರು ವಾರದಲ್ಲಿ ಪಾಠ ಮಾಡಲಾಗದು, ಖರೀದಿ ಮಾಡಬಹುದು. ಹಾಗಾಗಿ ಪುಸ್ತಕದ ಖರೀದಿಯನ್ನು ಮಾರ್ಚ್‌ನಲ್ಲಿ ಮುಂದಿನ ಬ್ಯಾಚಿಗೆಂದೇ ಮಾಡಿ, ದಾಸ್ತಾನು ವಹಿಯಲ್ಲಿ ತೆಗೆದುಕೊಂಡು, ಪ್ರವೇಶ ಮುಗಿದ ಮೇಲೆ ಹಂಚುವುದು ಸರಿ. ದಾಸ್ತಾನು ವಹಿಯ ಪುಟ ಸಂಖ್ಯೆಯನ್ನು ವಿತರಣಾ ಪಟ್ಟಿಯ ಮೇಲೆ ಬರೆಯಲು ಮರೆಯಬೇಡಿ, ಆಕ್ಷೇಪ ಬರುವುದು ಅಲ್ಲೇ.

ಮಳವಳ್ಳಿ ರಸ್ತೆ

ಭಾಷೆಯ ಒತ್ತಡವನ್ನು ಯಾರೂ ಎತ್ತಲಿಲ್ಲ. ನಾನು ಇಂಗ್ಲಿಷ್ ಪಾಠದ ಕಡೆಯವಳು.

ಪರಿಹಾರ ಬೋಧನೆಯ ಅರ್ಧ ಭಾಗ ಇಂಗ್ಲಿಷಿನದು. "ಕನ್ನಡ ನೆಲದಲ್ಲಿ ಇಂಗ್ಲಿಷಿಗೆ ಹೆಚ್ಚುವರಿ ಗಂಟೆಯೇ?" ಎಂಬ ಮಾತು ಒಂದು ಕಡೆಯಿಂದ. "ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲೇ ಬರೆಯಲು ಬಿಟ್ಟಿದ್ದೀರಲ್ಲ, ಇನ್ನೇನು ಬೇಕು?" ಎಂಬ ಮಾತು ಇನ್ನೊಂದು ಕಡೆಯಿಂದ. 2021ರಲ್ಲಿ ಪದವಿಯಲ್ಲಿ ಕನ್ನಡ ಕಡ್ಡಾಯದ ಆದೇಶ ಬಂದು ಅದು ಹೈಕೋರ್ಟಿನ ಮೆಟ್ಟಿಲೇರಿದಾಗ ಭಾಷಾ ವಿಭಾಗಗಳ ಗಂಟೆಗಳ ಲೆಕ್ಕವೇ ಜಗಳದ ವಸ್ತುವಾಯಿತು. ಕನ್ನಡಕ್ಕೆ ನಾಲ್ಕು ಗಂಟೆ, ಇಂಗ್ಲಿಷಿಗೆ ನಾಲ್ಕು ಗಂಟೆ ಎಂದು ತಕ್ಕಡಿ ಹಿಡಿದು ಕೂತಲ್ಲಿ ಹೆಚ್ಚುವರಿ ಎರಡು ಗಂಟೆ ಕೇಳುವವರು ಯಾರ ಕಣ್ಣಿಗೂ ಒಳ್ಳೆಯವರಾಗುವುದಿಲ್ಲ.

ತರಗತಿಯೊಳಗಿನ ಸ್ಥಿತಿ ನೋಡಿ. ಬಿಎ, ಬಿಕಾಂನಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದು, ಆದರೆ ಗ್ರಂಥಾಲಯದ ಆಕರ ಪುಸ್ತಕ ಬಹುಪಾಲು ಇಂಗ್ಲಿಷಿನವು. ವಿದ್ಯಾರ್ಥಿ ಗೈಡಿಗೆ ಹೋಗುತ್ತಾನೆ. ಕಾಮರ್ಸ್ ಪಿಯುಸಿಯಿಂದ ಬಿಸಿಎಗೆ ಬಂದವರಿಗೆ ಇಂಗ್ಲಿಷೂ ಇಲ್ಲ, ಗಣಿತವೂ ಇಲ್ಲ. ಇಂಥವರಿಗೆ ಮಾಮೂಲಿ ವ್ಯಾಕರಣ ಪಾಠ, ಟೆನ್ಸ್, ಪ್ಯಾಸಿವ್ ವಾಯ್ಸ್ ಎಂದು ಶುರುಮಾಡಿದರೆ ಕೆಲಸ ಕೆಟ್ಟಂತೆ. ಐದನೇ ತರಗತಿಯಿಂದ ಅದನ್ನೇ ಕೇಳಿ ಸೋತವರು ಅವರು.

ಅವರ ವಿಷಯದ ಪುಸ್ತಕದಿಂದಲೇ ಒಂದು ಪುಟ ತೆಗೆದುಕೊಂಡರೆ ಕೆಲಸ ಆಗುತ್ತದೆ. 200ರಿಂದ 250 ಪದದ ಒಂದು ಭಾಗ. ಮೊದಲು ಗೊತ್ತಿಲ್ಲದ ಪದಕ್ಕೆ ಗೆರೆ. ಎಂಟಕ್ಕಿಂತ ಹೆಚ್ಚು ಗೆರೆ ಬಿದ್ದರೆ ಪುಟ ಕಠಿಣ ಎಂದರ್ಥ, ಬೇರೆ ಪುಟ ತನ್ನಿ. ಎರಡನೇ ಸುತ್ತಿನಲ್ಲಿ ಪ್ರತಿ ವಾಕ್ಯದ ಕ್ರಿಯಾಪದ ಹುಡುಕಿಸಿ, ಯಾರು ಮಾಡಿದರು ಎಂದು ಕೇಳಿ. ಮೂರನೆಯದಾಗಿ ಭಾಗದ ತಿರುಳನ್ನು ಕನ್ನಡದಲ್ಲಿ ನಾಲ್ಕು ವಾಕ್ಯದಲ್ಲಿ ಬರೆಸಿ. ಮರುದಿನ ಅದೇ ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ. ಕನ್ನಡವನ್ನು ಬಿಟ್ಟು ಇಂಗ್ಲಿಷ್ ಕಲಿಸುವ ತರಗತಿ ಇದಲ್ಲ, ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯುವುದೂ ಇಲ್ಲೇ ಆಗುತ್ತದೆ. ಸಿಂಡಿಕೇಟಿನಲ್ಲಿ (ವಿವಿಯ ಆಡಳಿತ ಮಂಡಳಿ) ಭಾಷೆಯ ಮಾತು ಬಂದರೆ ಈ ಅಭ್ಯಾಸ ಹಾಳೆಯನ್ನೇ ಮುಂದಿಡಿ, ಭಾಷಣಕ್ಕಿಂತ ಅದು ಬೇಗ ಒಪ್ಪಿಸುತ್ತದೆ. ಕನ್ನಡ ವಿಭಾಗದವರನ್ನು ಜೊತೆಗೆ ಕರೆದುಕೊಂಡು ಪ್ರಸ್ತಾವಕ್ಕೆ ಎರಡೂ ವಿಭಾಗದ ಸಹಿ ಹಾಕಿಸಿದರೆ ಗಂಟೆಯ ಜಗಳ ಅರ್ಧ ತಗ್ಗುತ್ತದೆ.

ಕೆರಗೋಡು

ಎಲ್ಲಾ ಸರಿ ಸಾ. ಕ್ಲಾಸ್ ಎಷ್ಟ್ ಗಂಟೆಗೆ ಇಡ್ತೀರ ಅನ್ನೋದ ಮೊದ್ಲು ಹೇಳಿ. ನಾಲ್ಕರ ಮೇಲೆ ಇಟ್ರೆ ನಾಗಮಂಗಲ, ಕೆ.ಆರ್. ಪೇಟೆ ಕಡೆ ಮಕ್ಳು ಬಸ್‌ಸ್ಟ್ಯಾಂಡಲ್ಲಿ ಇರ್ತವೆ. ಹೆಣ್ಮಕ್ಳನ್ನ ಕತ್ತಲಾಗೋತಂಕ ಯಾರೂ ಬುಡಲ್ಲ. ಬೆಳಗ್ಗೆ ಎಂಟೂವರೆಗೆ ಇಟ್ರೆ ಹಾಸ್ಟೆಲ್ ತಿಂಡಿ ಹೊತ್ತು. ನಡುಮಧ್ಯಾಹ್ನ ವೇಳಾಪಟ್ಟಿ ಒಳಗೇ ಇಡ್ಬೇಕು. ಅಲ್ಲಿ ಜಾಗ ಇಲ್ಲ ಅಂದ್ರೆ ಕ್ಲಾಸ್ ಇಲ್ಲ ಅಂತಲೇ ಲೆಕ್ಕ.

ಸರಾಸರಿ

ಕೆರಗೋಡು ಅವರು ಹೇಳಿದ್ದನ್ನೇ ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಕಂಡುಕೊಂಡಿದ್ದಾರೆ. ಅಲ್ಲಿ ಇದನ್ನು ಡೆವಲಪ್‌ಮೆಂಟಲ್ ಎಜುಕೇಷನ್ ಎನ್ನುತ್ತಾರೆ, ಅಲ್ಲಿನ ರಾಜಕೀಯ ಒತ್ತಡ ನಮ್ಮ ಹಾಗೆ ಮರೆಯಲ್ಲಿ ಇಲ್ಲ, ನೇರ ಶಾಸನಸಭೆಯಿಂದ ಬರುತ್ತದೆ.

ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 1970ರಲ್ಲಿ ಪ್ರೌಢಶಾಲೆ ಮುಗಿಸಿದ ಎಲ್ಲರಿಗೂ ಪ್ರವೇಶ ತೆರೆಯಿತು. ಹಾಗೆ ಬಂದವರಿಗಾಗಿ ಬುನಾದಿ ತರಗತಿಗಳು ಬೆಳೆದವು. 1990ರ ದಶಕದಲ್ಲಿ ಮೇಯರ್ ರುಡಾಲ್ಫ್ ಜೂಲಿಯಾನಿ ಅವರ ಕಾಲದಲ್ಲಿ ಇದರ ವಿರುದ್ಧ ಬಹಿರಂಗ ಪ್ರಚಾರ ನಡೆಯಿತು. 1998ರಲ್ಲಿ ಆಡಳಿತ ಮಂಡಳಿ ನಾಲ್ಕು ವರ್ಷದ ಕಾಲೇಜುಗಳಲ್ಲಿ ಪರಿಹಾರ ಬೋಧನೆ ಕೈಬಿಡಲು ಮತ ಹಾಕಿತು, ಅಂಥ ವಿದ್ಯಾರ್ಥಿಗಳು ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಹೋಗಬೇಕಾಯಿತು.

ಫ್ಲಾರಿಡಾ 2013ರಲ್ಲಿ ಕಾನೂನು ಮಾಡಿ, ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಓದಿ ಇತ್ತೀಚೆಗೆ ಪಾಸಾದವರಿಗೆ ಈ ತರಗತಿಯನ್ನು ಐಚ್ಛಿಕ ಮಾಡಿತು. ಅರ್ಹತಾ ಪರೀಕ್ಷೆ ಬರೆಸುವಂತೆಯೂ ಇಲ್ಲ. ಕ್ಯಾಲಿಫೋರ್ನಿಯಾದ 2017ರ ಎಬಿ 705 ಕಾನೂನು ಪ್ರವೇಶ ಪರೀಕ್ಷೆಯ ಬದಲು ಪ್ರೌಢಶಾಲೆಯ ಅಂಕ ನೋಡಿ ನೇರ ಪದವಿ ಪತ್ರಿಕೆಗೇ ಸೇರಿಸಬೇಕು ಎಂದಿತು. ಟೆಕ್ಸಸ್ ಅದೇ ವರ್ಷ ಕಂತು ಹಾಕಿಕೊಂಡಿತು: ಬುನಾದಿ ತರಗತಿಯ ವಿದ್ಯಾರ್ಥಿಗಳಲ್ಲಿ 2018ಕ್ಕೆ ಶೇ 25, 2019ಕ್ಕೆ ಶೇ 50, 2020ಕ್ಕೆ ಶೇ 75 ಮಂದಿ ಪದವಿ ಪತ್ರಿಕೆಯ ಜೊತೆಜೊತೆಯಲ್ಲೇ ಬೆಂಬಲ ಪಡೆಯುವ ಪದ್ಧತಿಯಲ್ಲಿರಬೇಕು.

ಇದೆಲ್ಲ ಬರೀ ದ್ವೇಷದಿಂದ ಆದದ್ದಲ್ಲ. ಹಳೆಯ ಪದ್ಧತಿಯಲ್ಲಿ ನಿಜವಾದ ದೋಷವಿತ್ತು. ಕ್ರೆಡಿಟ್ ಇಲ್ಲದ ಮೂರು ಹಂತದ ಗಣಿತ ಮುಗಿಸಿ ನಂತರ ಪದವಿ ಗಣಿತ ಎಂದರೆ, ಪ್ರತಿ ಹಂತದಲ್ಲಿ ನೂರಕ್ಕೆ 70 ಮಂದಿ ದಾಟಿದರೂ ಮೂರು ಹಂತದ ಕೊನೆಗೆ ಉಳಿಯುವವರು 34. ಮಧ್ಯೆ ಶುಲ್ಕ ಖರ್ಚು, ಸಾಲ, ವರ್ಷಗಳು. 2013ರಲ್ಲಿ ಅದೇ ನ್ಯೂಯಾರ್ಕ್ ವಿವಿಯ ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಗುಂಪು ಮಾಡಿ ನೋಡಿದರು. ಬುನಾದಿ ಬೀಜಗಣಿತಕ್ಕೆ ಹಾಕಿದವರಲ್ಲಿ ಸುಮಾರು ಶೇ 39 ಪಾಸ್. ನೇರ ಪದವಿ ಸಂಖ್ಯಾಶಾಸ್ತ್ರಕ್ಕೆ ಹಾಕಿ ವಾರಕ್ಕೆರಡು ಗಂಟೆ ಕಾರ್ಯಾಗಾರ ಕೊಟ್ಟವರಲ್ಲಿ ಸುಮಾರು ಶೇ 56 ಪಾಸ್.

ಹಾಗಾಗಿ ನನ್ನ ಸಲಹೆ: ಪ್ರತ್ಯೇಕ ರೆಮಿಡಿಯಲ್ ಕೈಬಿಟ್ಟು, ಮುಖ್ಯ ಪತ್ರಿಕೆಗೇ ಎರಡು ಗಂಟೆ ಟ್ಯುಟೋರಿಯಲ್ ಅಂಟಿಸಿ. ಮುಖ್ಯ ಪತ್ರಿಕೆಯನ್ನು ಯಾವ ಸರ್ಕಾರವೂ ಸುಲಭಕ್ಕೆ ಕೀಳಲಾರದು.

ಗಂಗೋತ್ರಿ ಅಂಗಳ

ಸರಾಸರಿ ಅವರೇ, ಅಂಟಿಸುವುದನ್ನು ಒಪ್ಪುತ್ತೇನೆ. ಆ ಪ್ರಯೋಗವನ್ನು ಹಾಗೇ ತಂದಿಡುವುದನ್ನು ಒಪ್ಪಲಾರೆ. ಹೋಲಿಸಿದ್ದು ಬೀಜಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ, ಎರಡೂ ಬೇರೆ ಪತ್ರಿಕೆ. ನಮ್ಮ ಬಿಎಸ್ಸಿ ಹುಡುಗಿಗೆ ಕಲನಶಾಸ್ತ್ರದಿಂದ ತಪ್ಪಿಸಿಕೊಂಡು ಸಂಖ್ಯಾಶಾಸ್ತ್ರಕ್ಕೆ ಹೋಗುವ ಆಯ್ಕೆ ಇರುವುದಿಲ್ಲ.

ಇನ್ನೂ ಮುಖ್ಯವಾದ ಸಂಗತಿ, ಅಲ್ಲಿ ಶಾಸನಸಭೆಗಳು ಕೈಬಿಡುವ ಅರ್ಧವನ್ನು ಬೇಗ ಜಾರಿ ಮಾಡಿದವು, ಬೆಂಬಲದ ಅರ್ಧಕ್ಕೆ ಹಣ ಕೊಡುವುದು ಕಾಲೇಜು ಕಾಲೇಜಿಗೆ ಬೇರೆಬೇರೆಯಾಯಿತು. ಇಲ್ಲಿ ಆ ವಾದವನ್ನು ಯಾರಾದರೂ ಎತ್ತಿಕೊಂಡರೆ ರೆಮಿಡಿಯಲ್ ನಿಲ್ಲುತ್ತದೆ, ಟ್ಯುಟೋರಿಯಲ್ ಬರುವುದಿಲ್ಲ. ಆದ್ದರಿಂದ ಪ್ರಸ್ತಾವದಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಬೇಕು. ಮೊದಲು ಟ್ಯುಟೋರಿಯಲ್ ಗಂಟೆ ಮಂಜೂರು, ಅದು ವೇಳಾಪಟ್ಟಿಗೆ ಬಂದ ಸೆಮಿಸ್ಟರಿನಿಂದ ಹಳೆಯ ತರಗತಿ ರದ್ದು.

ಲಾಗ್ ಟೇಬಲ್

ಯಾರಿಗೆ ಬೇಕು ಎಂಬುದನ್ನು ಹೇಗೆ ಗುರುತಿಸುತ್ತೀರಿ? ಪಿಯುಸಿ ಅಂಕ ನೋಡಿ ಎಂದರೆ ಈಗ ಅದು ನಂಬುವ ಹಾಗಿಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಅವುಗಳಲ್ಲಿ ಹೆಚ್ಚಿನ ಅಂಕ ಉಳಿಸಿಕೊಳ್ಳಬಹುದು. 2025–26ರಿಂದ ಒಟ್ಟು ಶೇ 33, ಪ್ರತಿ ವಿಷಯದಲ್ಲಿ ಕನಿಷ್ಠ 30 ಬಂದರೆ ಪಾಸ್. ಮಕ್ಕಳು ಓದಿನಿಂದ ಹೊರಬೀಳಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ಫಲಿತಾಂಶದ ಶೇಕಡಾವಾರು ಏರಿಸುವ ಒತ್ತಡ ಕೆಳಗಿನ ಮಟ್ಟದಲ್ಲಿ ಇಳಿದರೆ ಆ ಕೆಲಸ ಪದವಿಗೆ ಬಂದು ಬೀಳುತ್ತದೆ, ಪದವಿ ಕಾಲೇಜಿಗೆ ಒಂದು ಗಂಟೆಯೂ ಹೆಚ್ಚಾಗಿ ಸಿಗುವುದಿಲ್ಲ. ಕೊನೆಯ ಪರೀಕ್ಷೆಯಿಂದ ಬಂದವರು ತರಗತಿ ಶುರುವಾದ ಮೇಲೆ ಸೇರುತ್ತಾರೆ. ಬ್ರಿಡ್ಜ್ ಕೋರ್ಸನ್ನು ಮೊದಲ ಎರಡು ವಾರದಲ್ಲಿ ಮುಗಿಸುವ ಕಾಲೇಜುಗಳಲ್ಲಿ, ಅದು ಅತಿ ಹೆಚ್ಚು ಬೇಕಾದವರಿಗೇ ತಪ್ಪಿಹೋಗುತ್ತದೆ.

ಬುನಾದಿ ಪರೀಕ್ಷೆ ಒಂದನ್ನು ನೀವೇ ಮಾಡಿ. 40 ನಿಮಿಷ, 20 ಪ್ರಶ್ನೆ, ಬಹುಆಯ್ಕೆ ಬೇಡ. ಬಹುಆಯ್ಕೆಯಲ್ಲಿ ತಪ್ಪು ಎಲ್ಲಾಯಿತು ಎಂದು ಗೊತ್ತಾಗುವುದಿಲ್ಲ. ವಿಜ್ಞಾನದವರಿಗೆ ನಾನು ಹಾಕುವ ಬಗೆಯವು: 3/4ಕ್ಕೆ 2/3 ಕೂಡಿಸಿ. 0.05ನ್ನು 10ರ ಘಾತದಲ್ಲಿ ಬರೆಯಿರಿ. 250 ಮಿಲಿಲೀಟರ್ ದ್ರಾವಣದಲ್ಲಿ 10 ಗ್ರಾಂ ಇದ್ದರೆ ಲೀಟರಿಗೆ ಎಷ್ಟು? ಗಂಟೆಗೆ 54 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಎಷ್ಟು ಮೀಟರ್? ಒಂದು ಸರಳರೇಖೆಯ ನಕ್ಷೆ ಕೊಟ್ಟು ಇಳಿಜಾರು ಕೇಳಿ.

ಉತ್ತರ ಪತ್ರಿಕೆ ನೋಡುವಾಗ ಅಂಕ ಕೂಡಿಸಬೇಡಿ, ತಪ್ಪಿನ ಬಗೆ ಬರೆದುಕೊಳ್ಳಿ. ಮೊದಲ ಲೆಕ್ಕಕ್ಕೆ 5/7 ಎಂದು ಬರೆದವರು ಒಂದು ಗುಂಪು: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾರೆ. ಅವರಿಗೆ ಭಿನ್ನರಾಶಿ ಎಂದರೆ ಒಂದು ಸಂಖ್ಯೆ ಎಂಬುದೇ ಕೂತಿಲ್ಲ. ಅವರ ಮುಂದೆ ಲ್ಯಾಬಿನಲ್ಲಿ ನಾರ್ಮಾಲಿಟಿ (ದ್ರಾವಣದ ಸಾಂದ್ರತೆಯ ಅಳತೆ) ಹೇಳಿ ಪ್ರಯೋಜನವಿಲ್ಲ. 9/12 ಮತ್ತು 8/12ರವರೆಗೆ ಸರಿಯಾಗಿ ಬಂದು 17/24 ಬರೆದವರು ಬೇರೆ ಗುಂಪು, ಅವರಿಗೆ ವಿಧಾನ ಗೊತ್ತು, ಕೊನೆಯಲ್ಲಿ ಜಾರಿದ್ದಾರೆ, ಎರಡು ತರಗತಿ ಸಾಕು. ಅಂಕದಲ್ಲಿ ಇಬ್ಬರಿಗೂ ಸೊನ್ನೆ. ಒಂದೇ ಬ್ಯಾಚಿನಲ್ಲಿ ಕೂರಿಸಿದರೆ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ಹೆದರಿಕೆ.

ಅದೇ ಪ್ರಶ್ನೆಗಳ ಸಂಖ್ಯೆ ಬದಲಿಸಿ ಏಳನೇ ವಾರ ಮತ್ತು ಹದಿನಾಲ್ಕನೇ ವಾರ ಮತ್ತೆ ಕೊಡಿ. ಈ ಮೂರು ಹಾಳೆಗಳು ನಿಮ್ಮ ಕೈಯಲ್ಲಿದ್ದರೆ ಯಾವ ಸಮಿತಿ ಬಂದರೂ ಉತ್ತರ ಇದೆ. ಹಾಜರಿ ಪುಸ್ತಕದಿಂದ ಏನೂ ಸಾಬೀತಾಗುವುದಿಲ್ಲ.

ವಿಸಿ ನಾಲೆ

ಹಾಜರಿ ಪುಸ್ತಕದ ಮಾತು ಬಂತು, ಹಾಗಾಗಿ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆ) ಬಗ್ಗೆ ಎರಡು ಮಾತು. ನ್ಯಾಕ್‌ನ ಎರಡನೇ ಮಾನದಂಡದಲ್ಲಿ ವಿದ್ಯಾರ್ಥಿ ವೈವಿಧ್ಯ ಎಂಬ ಭಾಗ ಇದೆ. ನಿಧಾನವಾಗಿ ಕಲಿಯುವವರಿಗೆ ಏನು ಮಾಡಿದಿರಿ ಎಂದು ಕೇಳುವುದರಿಂದ ಎಲ್ಲ ಕಡೆ ಒಂದು ಕಡತ ಹುಟ್ಟಿಕೊಳ್ಳುತ್ತದೆ. ತಂಡ ಬರುವ ಮುನ್ನ ಐದು ವರ್ಷದ ಹಾಜರಿಯನ್ನು ಒಂದೇ ಪೆನ್ನಿನಲ್ಲಿ ತುಂಬುತ್ತಾರೆ. ಮಕ್ಕಳಿಗೆ ಮಾಡುವ ದ್ರೋಹ ಇದು, ಬೇರೆ ಮಾತಿಲ್ಲ. ಕಾಗದದ ಮೇಲೆ ನಡೆದ ತರಗತಿಯ ಕಾರಣಕ್ಕೇ ನಿಜವಾದ ತರಗತಿಗೆ ಹಣ ಕೇಳಲು ಆಗುವುದಿಲ್ಲ, "ಈಗಾಗಲೇ ನಡೆಸುತ್ತಿದ್ದೀರಲ್ಲ" ಎಂದು ಕೇಳುತ್ತಾರೆ.

ನಡೆಯುತ್ತಿದೆಯೇ ಎಂದು ತಿಳಿಯಬೇಕಾದ ಪೋಷಕರು, ವಿದ್ಯಾರ್ಥಿ ಸಂಘಟನೆಯವರು ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 10 ರೂಪಾಯಿ ಶುಲ್ಕ, 30 ದಿನದ ಗಡುವು. "ಪರಿಹಾರ ಬೋಧನೆ ನಡೆದಿದೆಯೇ" ಎಂದು ಕೇಳಿದರೆ "ಹೌದು" ಎಂದಷ್ಟೇ ಬರುತ್ತದೆ. ಮೊದಲ ಸೆಮಿಸ್ಟರಿನ ಮಂಜೂರಾದ ವೇಳಾಪಟ್ಟಿಯ ಪ್ರತಿ, ಆ ಗಂಟೆ ನಮೂದಾದ ಕಾರ್ಯಭಾರ ಪಟ್ಟಿಯ ಪ್ರತಿ, ಬುನಾದಿ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಪ್ರತಿ ಎಂದು ದಾಖಲೆಯನ್ನೇ ಹೆಸರಿಸಿ ಕೇಳಿ.

ಲೆಕ್ಕದ ಪುಸ್ತಕ

ಕಾರ್ಯಭಾರದ ಲೆಕ್ಕ ಯಾರೂ ಹಾಕಲಿಲ್ಲ, ನಾನೇ ಹಾಕುತ್ತೇನೆ. 120 ಮಕ್ಕಳ ಒಂದು ಪ್ರವೇಶ. ಅದರಲ್ಲಿ 48 ಮಂದಿಗೆ ಬೇಕು ಎಂದಿಟ್ಟುಕೊಳ್ಳಿ. 24ರ ಎರಡು ಬ್ಯಾಚ್, ತಲಾ ವಾರಕ್ಕೆ 2 ಗಂಟೆ, ಅಲ್ಲಿಗೆ ಒಂದು ವಿಷಯಕ್ಕೆ 4 ಗಂಟೆ. ಇಂಗ್ಲಿಷ್, ಗಣಿತ ಸೇರಿ 8 ಗಂಟೆ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಅಂದರೆ ಅರ್ಧ ಹುದ್ದೆ. 15 ವಾರಕ್ಕೆ 120 ಗಂಟೆ.

ಅರ್ಧ ಹುದ್ದೆ ಕೇಳಿದರೆ ಆರ್ಥಿಕ ಇಲಾಖೆಗೆ ಹೋಗಿ ಕೂರುತ್ತದೆ. ಇರುವ ಅಧ್ಯಾಪಕರ ಗಂಟೆ ಎಂದು ತೋರಿಸಿದರೆ ಅವರಿಂದ ಬಿಟ್ಟುಹೋದ 8 ಗಂಟೆ ಅತಿಥಿ ಉಪನ್ಯಾಸಕರಿಗೆ ಹೋಗುತ್ತದೆ. 2022ರಲ್ಲಿ ಅತಿಥಿ ಉಪನ್ಯಾಸಕರ ವಾರದ ಗರಿಷ್ಠ ಕಾರ್ಯಭಾರ 15 ಗಂಟೆಗೆ ಏರಿದ ಮೇಲೆ 8 ಗಂಟೆಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ, ಇರುವವರಿಗೇ ಸೇರಿಸುತ್ತಾರೆ. ಹಾಗಾಗಿ ಕಾರ್ಯಭಾರ ಪಟ್ಟಿ ಮೇಲಕ್ಕೆ ಹೋಗುವ ಮೊದಲೇ ಟ್ಯುಟೋರಿಯಲ್ ಗಂಟೆ ಅದರಲ್ಲಿ ಇರಬೇಕು. ಒಮ್ಮೆ ಪಟ್ಟಿ ಮಂಜೂರಾದರೆ ಆ ವರ್ಷ ಮುಗಿಯಿತು.

ಪರಿಹಾರ ಬೋಧನೆಯ ಗಂಟೆಯನ್ನು ಅತಿಥಿ ಉಪನ್ಯಾಸಕರಿಂದ ಸಂಬಳವಿಲ್ಲದೆ ಮಾಡಿಸುವ ಪದ್ಧತಿ ಹಲವು ಕಡೆ ಇದೆ. ಅದು ಬೇಡ. ಸೇವೆ ಮುಂದುವರಿಯುವುದೋ ಇಲ್ಲವೋ ಎಂಬ ಆತಂಕದಲ್ಲಿರುವವರು ಇಲ್ಲ ಎನ್ನಲಾರರು, ಅದನ್ನು ದುರುಪಯೋಗ ಮಾಡಬಾರದು.

ಮಳವಳ್ಳಿ ರಸ್ತೆ

ಹಾಗಾದರೆ ಕ್ರೆಡಿಟ್ ಕೊಡಬೇಕೋ ಬೇಡವೋ? ಕ್ರೆಡಿಟ್ ಕೊಟ್ಟರೆ ಪರೀಕ್ಷೆ ಬರುತ್ತದೆ, ಪರೀಕ್ಷೆ ಬಂದರೆ ಗೈಡ್ ಬರುತ್ತದೆ. ಕೊಡದಿದ್ದರೆ ತರಗತಿಯೇ ಇರುವುದಿಲ್ಲ.

ಗಂಗೋತ್ರಿ ಅಂಗಳ

ಮೇಡಂ, ಪ್ರತ್ಯೇಕ ಕ್ರೆಡಿಟ್ ಬೇಡ. ಮುಖ್ಯ ಪತ್ರಿಕೆಯ ಗಂಟೆಗೇ ಟ್ಯುಟೋರಿಯಲ್ ಸೇರಿಸಿ, 20 ಆಂತರಿಕ ಅಂಕದಲ್ಲಿ 5ನ್ನು ಎರಡನೇ ಮತ್ತು ಮೂರನೇ ಬುನಾದಿ ಪರೀಕ್ಷೆಯ ಪ್ರಗತಿಗೆ ಇಡಬಹುದು. ಮೊದಲ ಪರೀಕ್ಷೆಯಲ್ಲೇ ಚೆನ್ನಾಗಿ ಮಾಡಿದವರಿಗೆ ಆ 5 ಅಂಕಕ್ಕೆ ಬೇರೆ ಕೆಲಸ, ಉದಾಹರಣೆಗೆ ಸಹಪಾಠಿಗಳಿಗೆ ಲೆಕ್ಕ ಹೇಳಿಕೊಡುವುದು. ಎಲ್ಲರಿಗೂ ಅನ್ವಯವಾಗುವ ಪತ್ರಿಕೆಯಾದ್ದರಿಂದ ಗುರುತು ಅಂಟುವುದಿಲ್ಲ.

ಬಿಒಎಸ್ (ಪಠ್ಯ ನಿರ್ಧರಿಸುವ ಅಧ್ಯಯನ ಮಂಡಳಿ) ಮುಂದೆ ಇಡಲು ಕರಡು ಹೀಗಿರಲಿ, ತಿದ್ದುಪಡಿ ಹೇಳಿ:

"ಪ್ರಥಮ ಸೆಮಿಸ್ಟರಿನ ಪ್ರತಿ ವಿಭಾಗವು ಪ್ರವೇಶದ ಕೊನೆಯ ದಿನಾಂಕದಿಂದ 10 ಕೆಲಸದ ದಿನಗಳೊಳಗೆ ಬುನಾದಿ ಪರೀಕ್ಷೆ ನಡೆಸತಕ್ಕದ್ದು. ತಡವಾಗಿ ಸೇರಿದವರಿಗೆ ಸೇರಿದ 5 ದಿನಗಳೊಳಗೆ ನಡೆಸತಕ್ಕದ್ದು. ಅಗತ್ಯವಿರುವ ವಿದ್ಯಾರ್ಥಿಗಳಿಗೆ 25 ಮೀರದ ತಂಡಗಳಲ್ಲಿ, ಬೆಳಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ, ವಾರಕ್ಕೆ 2 ಗಂಟೆ ಟ್ಯುಟೋರಿಯಲ್ ನೀಡತಕ್ಕದ್ದು. ಸದರಿ ಗಂಟೆಗಳನ್ನು ಬೋಧಕರ ಕಾರ್ಯಭಾರದಲ್ಲಿ ಪೂರ್ಣವಾಗಿ ಪರಿಗಣಿಸತಕ್ಕದ್ದು. ಪ್ರತ್ಯೇಕ ಅನುದಾನ ಲಭ್ಯವಿಲ್ಲದಿರುವುದು ಟ್ಯುಟೋರಿಯಲ್ ಸ್ಥಗಿತಗೊಳಿಸಲು ಕಾರಣವಾಗತಕ್ಕದ್ದಲ್ಲ."

ಕೊನೆಯ ವಾಕ್ಯವನ್ನು ಯಾರಾದರೂ ತೆಗೆಯಲು ಹೇಳುತ್ತಾರೆ. ಬಿಡಬೇಡಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬಿಒಎಸ್‌ನಲ್ಲಿ ಒಪ್ಪಿಗೆಯಾದದ್ದು ವಿದ್ಯಾವಿಷಯಕ ಪರಿಷತ್ತಿಗೆ ಹೋಗಬೇಕು, ಅಲ್ಲಿಂದ ಸಿಂಡಿಕೇಟ್. ಸಿಂಡಿಕೇಟಿನ ನಾಮನಿರ್ದೇಶಿತ ಸದಸ್ಯರು ಸರ್ಕಾರದ ಜೊತೆ ಬದಲಾಗುತ್ತಾರೆ, ನಿಯಮಾವಳಿಯಲ್ಲಿ ಸೇರಿದ ಸಾಲು ತಾನಾಗಿ ಬದಲಾಗುವುದಿಲ್ಲ. ಅದನ್ನು ತೆಗೆಯಬೇಕಾದರೆ ಮತ್ತೆ ಇಷ್ಟೂ ಸಭೆ ದಾಟಬೇಕು, ಕಾರಣ ಬರೆಯಬೇಕು.

ಲಾಗ್ ಟೇಬಲ್

ಒಂದು ತಿದ್ದುಪಡಿ. "ಅಗತ್ಯವಿರುವ ವಿದ್ಯಾರ್ಥಿಗಳು" ಎಂದರೆ ಯಾರು ಎಂದು ಬರೆಯದಿದ್ದರೆ, ಕೊಠಡಿ ಇಲ್ಲದ ಕಾಲೇಜು 6 ಮಂದಿಯನ್ನು ಮಾತ್ರ ಗುರುತಿಸುತ್ತದೆ. "20ರಲ್ಲಿ 12ಕ್ಕಿಂತ ಕಡಿಮೆ ಪ್ರಶ್ನೆಗಳನ್ನು ಸರಿಯಾಗಿ ಬಿಡಿಸಿದವರು" ಎಂದು ಸೇರಿಸಿ. ಪ್ರಶ್ನೆಪತ್ರಿಕೆ ಕಾಲೇಜಿನದ್ದಾಗುವುದು ಬೇಡ, ಬಿಒಎಸ್‌ನಿಂದಲೇ ಮೂರು ಮಾದರಿ ಹೋಗಲಿ, ಇಲ್ಲದಿದ್ದರೆ ಸುಲಭ ಪ್ರಶ್ನೆ ಹಾಕಿ ಎಲ್ಲರನ್ನೂ ದಾಟಿಸುತ್ತಾರೆ.

ಕೆರಗೋಡು

ಹತ್ತರಿಂದ ಮೂರು ಅಂತ ಬರ್ದಿದ್ದು ಒಳ್ಳೇದಾಯ್ತು ಸಾ. ಊಟದ ಬಿಡುವಲ್ಲಿ ಇಡಬಾರ್ದು ಅಂತಾನೂ ಒಂದ್ ಮಾತು ಸೇರ್ಸಿ, ಇಲ್ದಿದ್ರೆ ಒಂದೂವರೆಗೇ ಹಾಕ್ತಾರೆ.

ಗಂಗೋತ್ರಿ ಅಂಗಳ

ಎರಡೂ ಸೇರಿಸಿದೆ. ಕಾರ್ಯಭಾರ ಪಟ್ಟಿಗೆ ಮೊದಲು ಆಗಬೇಕಾದರೆ ಫೆಬ್ರುವರಿ ಇಲ್ಲವೇ ಮಾರ್ಚ್‌ನ ಬಿಒಎಸ್ ಸಭೆಯ ಕಾರ್ಯಸೂಚಿಗೆ ಹೋಗಬೇಕು. ಕನ್ನಡ, ಇಂಗ್ಲಿಷ್, ಗಣಿತ ಮೂರು ಮಂಡಳಿಗಳಿಗೂ ಒಂದೇ ಕರಡು ಹೋಗಲಿ. ಮಾದರಿ ಪ್ರಶ್ನೆಪತ್ರಿಕೆ ಇರುವವರು ಕೆಳಗೆ ಹಾಕಿ, ವಾಣಿಜ್ಯದ್ದು ಇನ್ನೂ ಬಂದಿಲ್ಲ.